ಹಂಚಿನ ದೋಣಿಯಲ್ಲಿ ಆರದ ಒಲೆ

ನಾನು ಮರದ ಹುಡಿ ತಿಂದು ಬದುಕಿದ ಒಲೆ. ಈಗ ನನ್ನ ಹೊಟ್ಟೆಯಲ್ಲಿ ಮಣ್ಣಿದೆ, ಮಣ್ಣಿನಲ್ಲಿ ಒಂದು ಬಸಳೆ ಬಳ್ಳಿಯಿದೆ. ಆದರೂ ದೀಪ ಹಚ್ಚುವ ಹೊತ್ತಾದರೆ ನನಗೆ ಸುಮ್ಮನಿರಲಾಗುವುದಿಲ್ಲ. ಹುಡಿ ತುಂಬಿದರೇ, ಬೂದಿ ಮುಚ್ಚಿದರೇ, ಬೆಳಗಿನವರೆಗೆ ಕೆಂಡ ಉಳಿದೀತೇ ಎಂದು ಒಳಗೊಳಗೇ ಚಡಪಡಿಸುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಸುಟ್ಟುಕೊಳ್ಳುವುದೇ ಕಸುಬಾಗಿದ್ದ ನನ್ನ ಗುಣ ಹೋಗುವುದಾದರೂ ಹೇಗೆ?

ಮೊದಲು ನಾನೊಂದು ಬಣ್ಣದ ಡ್ರಮ್ಮು. ಕುಂದಾಪುರದ ಕಡೆ ನಮ್ಮ ಹೊಳೆಗೆ ಆಗ ಹೊಸ ಸೇತುವೆ ಕಟ್ಟುತ್ತಿದ್ದರು. ಅದರ ಕಬ್ಬಿಣಕ್ಕೆ ಬಳಿಯುವ ಕೆಂಪು ಬಣ್ಣ ತುಂಬಿಕೊಂಡು ಬಂದೆ. ಬಣ್ಣ ಮುಗಿದ ಮೇಲೆ ದಡದಲ್ಲಿ ಬಿಸಾಡಿದರು. ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವರು ತಗಡಿನ ಕೆಲಸದ ಹಸನ್ ಸಾಹೇಬರು. ಅವರು ನನ್ನ ತಲೆಯ ಮುಚ್ಚಳ ಕತ್ತರಿಸಿದರು, ಹೊಟ್ಟೆಯ ಬುಡದಲ್ಲಿ ಒಂದು ದುಂಡನೆಯ ಬಾಯಿ ಕೊರೆದರು, ಪಾತ್ರೆ ಕೂರಲು ಮೂರು ಕಬ್ಬಿಣದ ತುಂಡು ಬೆಸೆದರು. ನೋವಾಯಿತು ಎಂದು ಹೇಳಿದರೆ ನೀವು ನಗುತ್ತೀರಿ. ಆದರೆ ನೋವಾದದ್ದು ನಿಜ.

ನನ್ನನ್ನು ಕೊಂಡವನು ಹೆರಿಯ, ಹಂಚಿನ ದೋಣಿಯವನು. ಹೊಳೆಯ ಮೇಲ್ದಂಡೆಯ ಕಾರ್ಖಾನೆಯಲ್ಲಿ ಹಂಚು ತುಂಬಿಕೊಂಡು ಅಳಿವೆಯ ಹತ್ತಿರದ ಬಂದರಿಗೆ ಇಳಿಸುವುದು ಅವನ ಕೆಲಸ. ನೀರು ಇಳಿಯುವಾಗ ಕೆಳಗೆ, ಭರತ ಬಂದು ನೀರು ಏರುವಾಗ ಮೇಲೆ. ಭರತಕ್ಕೆ ಹಗಲೆಂದೂ ಇಲ್ಲ, ರಾತ್ರಿಯೆಂದೂ ಇಲ್ಲ. ಆದ್ದರಿಂದ ಅವನ ಸಂಸಾರವೂ ದೋಣಿಯಲ್ಲೇ. ಹಿಂಬದಿಯಲ್ಲಿ ಬಿದಿರಿನ ತಟ್ಟಿ ಬಗ್ಗಿಸಿ ಮಾಡಿದ ಒಂದು ಗೂಡು, ಗೂಡಿನ ಹೊರಗೆ ಮರಳು ತುಂಬಿದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ನಾನು. ಮನೆಯ ಒಲೆಗಳಿಗೆ ಕಾಲ ಕೆಳಗೆ ನೆಲವಿರುತ್ತದೆ. ನನಗೆ ಅದೂ ಇರಲಿಲ್ಲ. ಗಾಳಿ ಬಂದರೆ ಓಲಾಡಬೇಕು, ದೊಡ್ಡ ದೋಣಿ ಪಕ್ಕದಲ್ಲಿ ಹೋದರೆ ಕುಣಿಯಬೇಕು.

ಹೆರಿಯನ ಹೆಂಡತಿ ಮುತ್ತು ಗದ್ದೆಬೈಲಿನ ಊರಿನಿಂದ ಬಂದವಳು. ನೀರೆಂದರೆ ಅವಳಿಗೆ ಭಯ. ಮದುವೆಯಾದ ಹೊಸದರಲ್ಲಿ ರಾತ್ರಿಯಿಡೀ ಎದ್ದು ಕುಳಿತು ನನ್ನ ಬಾಯಿಯ ಕೆಂಪನ್ನೇ ನೋಡುತ್ತಿದ್ದಳು. ದೋಣಿಯನ್ನು ಧಕ್ಕೆಗೆ, ಎಂದರೆ ದಡದ ಸರಕಿಳಿಸುವ ಕಟ್ಟೆಗೆ, ಕಟ್ಟುವ ಕೆಲಸ ಅವಳದಾಗಿತ್ತು. ದಿನಾಲೂ ಹಗ್ಗ ಗಿಡ್ಡ ಮಾಡಿಯೇ ಕಟ್ಟುತ್ತಿದ್ದಳು. ನೀರು ಇಳಿದಾಗ ದೋಣಿಯೂ ಇಳಿಯಬೇಕು, ಅದಕ್ಕೆ ಹಗ್ಗ ಉದ್ದ ಬಿಡಬೇಕು ಎಂಬುದು ಅವಳ ತಲೆಗೆ ಹತ್ತುತ್ತಲೇ ಇರಲಿಲ್ಲ.

"ಇಷ್ಟ್ ಗಿಡ್ಡ ಕಟ್ರೆ ಹ್ಯಾಂಗೆ? ನೀರ್ ಇಳ್ದ್ರೆ ದೋಣಿ ನೇತಾಡತ್ತ್!" ಎಂದು ಹೆರಿಯ ಗದರುತ್ತಿದ್ದ.

"ನಂಗೆ ದನ ಕಟ್ಟಿ ಅಭ್ಯಾಸ. ಉದ್ದ ಬಿಟ್ರೆ ಬೇರೆಯವ್ರ ಗದ್ದೆಗ್ ಬಾಯ್ ಹಾಕತ್ತ್."

"ದೋಣಿ ಎಂತ ದನವಾ ಮಾರಾಯ್ತಿ?"

ಅವನು ಗೊಣಗುತ್ತಾ ಹೋಗಿ ಹಗ್ಗ ಸಡಿಲಿಸಿ ಬರುತ್ತಿದ್ದ. ಇದು ದಿನಾ ಸಂಜೆಯ ಕತೆ. ಹಗ್ಗದ ವಿಷಯದಲ್ಲಿ ದಡ್ಡಿಯಾದರೂ ನನ್ನ ವಿಷಯದಲ್ಲಿ ಮುತ್ತು ಬಲು ಬೇಗ ಕಲಿತಳು. ಮರದ ಮಿಲ್ಲಿನಿಂದ ಗೋಣಿಯಲ್ಲಿ ಹುಡಿ ತಂದು ಬಿಸಿಲಿಗೆ ಒಣಗಿಸುವಳು. ನನ್ನ ಹೊಟ್ಟೆಯ ನಡುವೆ ಒಂದು ದುಂಡು ಕೋಲು ನಿಲ್ಲಿಸಿ, ಬುಡದ ಬಾಯಿಗೆ ಇನ್ನೊಂದು ತೂರಿಸಿ, ಸುತ್ತಲೂ ಹುಡಿಯನ್ನು ಮುಷ್ಟಿಯಿಂದ ಗುದ್ದಿ ಗುದ್ದಿ ತುಂಬುವಳು. ಸಡಿಲವಾಗಿದ್ದರೆ ಭುಸ್ಸೆಂದು ಉರಿದು ಮುಗಿಯುತ್ತದೆ, ಅತಿಯಾಗಿ ಗಿಡಿದರೆ ಉಸಿರು ಕಟ್ಟಿ ಆರುತ್ತದೆ. ಅವಳ ಮುಷ್ಟಿಗೆ ಆ ಹದ ತಿಳಿದಿತ್ತು. ಕೋಲುಗಳನ್ನು ಎಳೆದಾಗ ಉಳಿಯುವ ದಾರಿಯಲ್ಲಿ ಬೆಂಕಿ ನಿಧಾನವಾಗಿ ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತಿತ್ತು. ಮಲಗುವ ಮೊದಲು ಮೇಲೆ ಬೂದಿ ಹರಡಿ, ಒಡಕು ಹಂಚೊಂದನ್ನು ಮುಚ್ಚಳ ಮಾಡಿ, ಗಂಜಿಯ ಮಡಕೆಯನ್ನು ನನ್ನ ಮೇಲಿಡುವಳು. ಒಳಗೊಳಗೇ ಸಿಟ್ಟು ಇಟ್ಟುಕೊಂಡವರನ್ನು ಜನ ಬೂದಿ ಮುಚ್ಚಿದ ಕೆಂಡ ಎನ್ನುತ್ತಾರೆ. ಬೂದಿಯ ಕೆಳಗಿನ ಕೆಂಡಕ್ಕೆ ಸಿಟ್ಟೆಲ್ಲಿಂದ ಬರಬೇಕು? ಆರಿಹೋದೇನೋ ಎಂಬ ಹೆದರಿಕೆಯೊಂದೇ ಅದಕ್ಕೆ.

ಒಮ್ಮೆ ನಾನು ಆರಿದೆ. ಹುಡಿಯ ಗೋಣಿಗೆ ದೋಣಿಯ ತಳದಲ್ಲಿ ನಿಂತ ನೀರು ತಾಗಿತ್ತು. ಸಂಜೆ ಬೆಂಕಿಪೆಟ್ಟಿಗೆ ನೋಡಿದರೆ ಅದೂ ಥಂಡಿ ಹಿಡಿದಿದೆ. ಮುತ್ತು ಒಂದು ಹಂಚಿನ ತುಂಡು ಹಿಡಿದುಕೊಂಡು ಪಕ್ಕದ ದೋಣಿಯ ಗುಲಾಬಕ್ಕನ ಹತ್ತಿರ ಕೆಂಡ ಕೇಳಲು ಹೋದಳು. ಗುಲಾಬಕ್ಕ ವಯಸ್ಸಿನಲ್ಲೂ ಬಾಯಿಯಲ್ಲೂ ದೊಡ್ಡ ಹೆಂಗಸು.

"ದೀಪ ಹಚ್ಚಾಯ್ತಲ್ಲ ಹೆಣೆ. ಇನ್ ಕಿಚ್ಚ್ ಕೊಡೂಕಾತಿಲ್ಲ, ಲಕ್ಷ್ಮಿ ಹೊರಗ್ ಹೋತ್ತ್. ಒಂದ್ ಒಲೆ ಕಾಯೂಕೆ ಬರ್ದೇ ಇದ್ದವ್ಳ್ ಎಂತ ಸಂಸಾರ ಮಾಡ್ತೆ?"

ಉಪ್ಪು, ಮಜ್ಜಿಗೆ, ಬೆಂಕಿ ಇವನ್ನು ದೀಪ ಹಚ್ಚಿದ ಮೇಲೆ ಯಾರೂ ಕೊಡುವುದಿಲ್ಲ. ಅದು ಮುತ್ತುವಿಗೂ ಗೊತ್ತಿದ್ದದ್ದೇ. ಆದರೆ ಕೊನೆಯ ಮಾತು ಅವಳಿಗೆ ನಾಟಿತು. ಅಂದು ಇಬ್ಬರೂ ಅವಲಕ್ಕಿ ತಿಂದು ಮಲಗಿದರು. ಮುತ್ತು ನನ್ನ ತಣ್ಣಗಿನ ಮೈಮೇಲೆ ಕೈಯಿಟ್ಟು, "ಇನ್ನೊಂದ್ ಸಲ ನಿನ್ನ ಆರೂಕೆ ಬಿಡುದಿಲ್ಲ" ಎಂದಳು. ನನಗೂ ಹಟ ಬಂತು. ಆಮೇಲೆ ಮಳೆಗಾಲ ಕಳೆಯಿತು, ಬೇಸಿಗೆ ಕಳೆಯಿತು, ಜಲಜ ಎಂಬ ಹೆಣ್ಣುಮಗು ಹುಟ್ಟಿತು. ನಾನು ಆರಲಿಲ್ಲ.

ಆದರೆ ನೆಮ್ಮದಿ ಎಂಬುದು ನನಗೆ ಯಾವತ್ತೂ ಇರಲಿಲ್ಲ. ಎಲ್ಲರೂ ಮಲಗಿದ ಮೇಲೆ ಎಚ್ಚರವಿರುವವನು ನಾನೊಬ್ಬನೇ. ಹೆರಿಯನ ಗೊರಕೆ, ಮುತ್ತುವಿನ ಮೆಲ್ಲನೆಯ ಉಸಿರು, ನಡುರಾತ್ರಿ ಹಾಲಿಗೆಂದು ಜಲಜ ಎಬ್ಬಿಸುವ ರಂಪ ಇವನ್ನೆಲ್ಲ ಕೇಳಿಕೊಂಡೇ ನಾನು ಬೆಳಗು ಮಾಡಬೇಕು. ಒಂದು ಸದ್ದು ತಡವಾದರೂ ನನಗೆ ಕಳವಳ.

ಆ ವರ್ಷ ಸ್ವಾತಿ ಮಳೆ ಥಂಡಿಗಾಳಿಯನ್ನು ಕಟ್ಟಿಕೊಂಡೇ ಬಂತು. ಭರತ ತುಂಬಿದ ಹೊತ್ತಿನಲ್ಲಿ ದೋಣಿ ಧಕ್ಕೆಗೆ ತಾಗಿತು. ಮುತ್ತು ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡು ಒಂದೇ ಕೈಯಲ್ಲಿ ಎರಡೂ ಹಗ್ಗ ಬಿಗಿದಳು. ಎಂದಿನಂತೆ ಗಿಡ್ಡ. ನೆನೆದು ಗಡಗಡ ನಡುಗುತ್ತಿದ್ದ ಹೆರಿಯ ಅಂದು ಹಗ್ಗದ ಕಡೆ ನೋಡಲೇ ಇಲ್ಲ, ನೇರ ಗೂಡಿಗೆ ನುಗ್ಗಿದ. ಹನಿ ನನ್ನ ಮೇಲೆ ಬಿದ್ದು ಚುರ್ ಚುರ್ ಎನ್ನುತ್ತಿತ್ತು.

"ಒಲೆ ಆರತ್ತ್ ಕಾಣಿ. ಒಳಗೇ ಎಳ್ಕಂಬ" ಎಂದಳು ಮುತ್ತು. ಮಗುವಿಗೂ ಬೆಚ್ಚಗಾಗುತ್ತದೆ ಎಂದು ಹೆರಿಯನೂ ಒಪ್ಪಿದ. ಮರಳಿನ ಪೆಟ್ಟಿಗೆಯ ಸಮೇತ ನನ್ನನ್ನು ಗೂಡಿನ ಒಳಗೆ ಎಳೆದುಕೊಂಡರು. ಗಾಳಿ ಬಾರದಂತೆ ಗೂಡಿನ ಎರಡೂ ಬಾಯಿಗೆ ಟರ್ಪಾಲು ಇಳಿಬಿಟ್ಟು ಅಂಚನ್ನು ಹುರಿಯಿಂದ ಬಿಗಿದರು. ಬೂದಿ ಮುಚ್ಚಿ, ಮಡಕೆ ಇಟ್ಟು ಮಲಗಿದರು.

ಮೊದಮೊದಲು ನಾನು ಹಿಗ್ಗಿಹೋದೆ. ಮನೆಯ ಒಳಗೆ, ಮನೆಯವರ ನಡುವೆ ನಾನು ಕೂತದ್ದು ಅದೇ ಮೊದಲು. ಆದರೆ ಸ್ವಲ್ಪ ಹೊತ್ತಿಗೆ ಮುತ್ತು ಮಗ್ಗುಲು ಬದಲಿಸಿ, "ತಲೆ ಒಂದ್ ನಮೂನಿ ಭಾರ" ಎಂದಳು. "ಮಳೆಗ್ ನೆಂದದ್ದಲ್ದ, ಮನಿಕೋ" ಎಂದು ಹೆರಿಯನ ಉತ್ತರ. ಆಮೇಲೆ ಅವನ ಗೊರಕೆ ಶುರುವಾಯಿತು. ಅದು ಎಂದಿನ ಗೊರಕೆಯಲ್ಲ. ಒಂದು ಎಳೆತ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೊಂದು ಎಳೆತ. ಜಲಜ ಹಾಲಿಗೆ ಏಳುವ ಹೊತ್ತಾಯಿತು. ಏಳಲಿಲ್ಲ. ಹೊತ್ತು ಮೀರಿತು. ಆಗಲೂ ಏಳಲಿಲ್ಲ.

ಬೂದಿಯಡಿ ಬೇಯುವ ಹುಡಿ ಮುಚ್ಚಿದ ಕೋಣೆಯಲ್ಲಿ ಕಣ್ಣಿಗೆ ಕಾಣದ ವಿಷ ಬಿಡುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವರಿಗೂ ಹೇಳಿಕೊಟ್ಟಿರಲಿಲ್ಲ. ಆದರೆ ಆ ಗೂಡಿನಲ್ಲಿ ಗಾಳಿಯನ್ನು ತಿನ್ನುತ್ತಿರುವುದು ನಾನು, ಅವರಿಗೆ ಉಳಿಯುತ್ತಿಲ್ಲ ಎಂಬುದು ನನಗೆ ತಿಳಿಯಿತು. ಕೂಗೋಣವೆಂದರೆ ಒಲೆಗೆ ಬಾಯಿಯಿದೆ, ದನಿಯಿಲ್ಲ. ಆರಬೇಕು, ಈಗಲೇ ಆರಬೇಕು ಎಂದುಕೊಂಡೆ. ಜನ್ಮದಲ್ಲಿ ಮೊದಲ ಸಲ ಹಾಗೆಂದುಕೊಂಡೆ. ಆದರೆ ಮುತ್ತು ತುಂಬಿದ ಹುಡಿ, ಅದು ಸುಮ್ಮನೆ ಆರೀತೇ? ಅವಳ ಮುಷ್ಟಿಯ ಹದವನ್ನು ನಾನು ಆ ರಾತ್ರಿ ಶಪಿಸಿದೆ.

ಹೊರಗೆ ನೀರು ಇಳಿಯತೊಡಗಿತ್ತು. ಹಗ್ಗ ಕಿರ್ ಎಂದಿತು. ಧಕ್ಕೆಯ ಕಡೆಯ ಮಗ್ಗುಲು ಹಗ್ಗದಲ್ಲಿ ನೇತು ನಿಂತಿತು, ಹೊಳೆಯ ಕಡೆಯ ಮಗ್ಗುಲು ನೀರಿನೊಂದಿಗೆ ಇಳಿಯಿತು. ದೋಣಿ ವಾಲಿತು. ಇನ್ನಷ್ಟು ವಾಲಿತು. ಮರಳಿನ ಪೆಟ್ಟಿಗೆ ಜಾರಿತು. ಮಡಕೆ ಉರುಳಿ ಬಿಸಿ ಗಂಜಿ ಮುತ್ತುವಿನ ಕಾಲಿನ ಮೇಲೆ ಸುರಿಯಿತು. ನಾನು ಮಗುಚಿ ಟರ್ಪಾಲಿಗೆ ಹೊಡೆದೆ. ನನ್ನ ಸುಡುವ ಮೈಗೆ ಅದು ಕರಗಿ ಬಾಯಿಬಿಟ್ಟಿತು. ಥಂಡಿಗಾಳಿ ಒಳಗೆ ನುಗ್ಗಿತು. ನನ್ನ ಕೆಂಡವೆಲ್ಲ ದೋಣಿಯ ತಳದ ನೀರಿಗೆ ಬಿದ್ದು ಭುಸ್ಸೆಂದು ಸತ್ತುಹೋಯಿತು. ಅಷ್ಟು ಖುಷಿಯಾಗಿ ಯಾವ ಒಲೆಯೂ ಆರಿರಲಾರದು.

ಮುತ್ತು ಚೀರಿದಳು. ಎದ್ದು ನಿಲ್ಲಲು ಕಾಲು ಬಾರದೆ ತೆವಳಿಕೊಂಡೇ ಮಗುವನ್ನು ಹರಿದ ಟರ್ಪಾಲಿನ ಹೊರಗೆ ಚಾಚಿದಳು. ಕೂಗು ಕೇಳಿ ಗುಲಾಬಕ್ಕ ಪಕ್ಕದ ದೋಣಿಯಿಂದ ಹಾರಿ ಬಂದಳು. ಬಂದವಳೇ ಟರ್ಪಾಲನ್ನು ಕಿತ್ತೆಸೆದಳು, ಹೆರಿಯನ ಕಂಕುಳಿಗೆ ಕೈಕೊಟ್ಟು ಮಳೆಗೆ ಎಳೆದು ಹಾಕಿದಳು, ಜಲಜಳನ್ನು ಬೋರಲು ಹಾಕಿಕೊಂಡು ಬೆನ್ನು ತಿಕ್ಕಿದಳು. ಹೆರಿಯ ವಾಂತಿ ಮಾಡಿ ಕಣ್ಣು ಬಿಟ್ಟ. ಮಗು ಮಾತ್ರ ಸುಮ್ಮನಿತ್ತು. ಗುಲಾಬಕ್ಕ ತಿಕ್ಕುತ್ತಲೇ ಇದ್ದಳು. ನಾನು ತಳದ ನೀರಿನಲ್ಲಿ ಅಡ್ಡ ಬಿದ್ದುಕೊಂಡು ಕಾಯುತ್ತಿದ್ದೆ. ಕೊನೆಗೆ ಒಂದು ಬಿಕ್ಕಳಿಕೆ, ಆಮೇಲೆ ಇಡೀ ಧಕ್ಕೆ ಏಳುವಂಥ ಅಳು. ಆ ಅಳುವಿಗಿಂತ ಇಂಪಾದದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

ಮಗುವಿನ ಮೈ ಮಂಜಿನಂತಿತ್ತು. ಅಷ್ಟರಲ್ಲಿ ಮಳೆ ಬಿಟ್ಟಿತ್ತು. ಗುಲಾಬಕ್ಕ ತನ್ನ ದೋಣಿಗೆ ಹೋಗಿ ಹಂಚಿನ ತುಂಡಿನಲ್ಲಿ ನಿಗಿನಿಗಿ ಕೆಂಡ ತಂದು ಬಯಲಲ್ಲಿ, ದೋಣಿಯ ಮುಂತಲೆಯಲ್ಲಿ ಇಟ್ಟಳು.

"ದೀಪ ಹಚ್ಚಿದ್ ಮೇಲೆ ಕೊಡೂಕಾಗ ಅಂದಿದ್ರಿ" ಎಂದಳು ಮುತ್ತು, ಅಳುತ್ತಲೇ.

"ಬಾಯ್ ಮುಚ್ಚ್. ಮಗು ನಡುಗ್ತಿತ್ತ್. ಶಾಸ್ತ್ರ ನಾಳೆ ಕಾಂಬ."

ಬೆಳಗಾದ ಮೇಲೆ ಹೆರಿಯ ನನ್ನನ್ನು ಹೊಳೆಗೆ ಎಸೆಯಲು ಎತ್ತಿದ. ಮುತ್ತು ಅಡ್ಡ ಬಂದಳು. "ಒಲೆ ಎಂತ ಮಾಡಿತ್? ಉರಿ ಅಂದ್ರೆ ಉರೀತ್. ಗಾಳಿಗ್ ಬಾಗ್ಲ್ ಮುಚ್ಚದ್ ನಾವ್." ನಾನು ಹೇಳಬೇಕೆಂದಿದ್ದ ಮಾತನ್ನೇ ಅವಳು ಹೇಳಿದಳು. ಅಂದಿನಿಂದ ನನ್ನ ಜಾಗ ದೋಣಿಯ ಮುಂತಲೆಗೆ ಹೋಯಿತು, ಆಕಾಶದ ಕೆಳಗೆ. ಮಳೆ ಬಂದರೆ ತಲೆಗೊಂದು ತಗಡು, ಆರಿದರೆ ಆರಲಿ ಎಂಬ ಧಾರಾಳ. ಹಗ್ಗದ ವಿಷಯದಲ್ಲಿ ಹೆರಿಯ ಮತ್ತೆ ಗದರಲಿಲ್ಲ. ಮುತ್ತು ಗಿಡ್ಡ ಕಟ್ಟಿದಾಗ ಸುಮ್ಮನೆ ಹೋಗಿ, ಒಂದು ಗಳಿಗೆ ಆ ಗಂಟನ್ನು ಕೈಯಲ್ಲಿ ಹಿಡಿದು ನಿಂತು, ಆಮೇಲೆ ಸಡಿಲಿಸುತ್ತಿದ್ದ.

ಮುಂದಿನದು ಎಲ್ಲರಿಗೂ ಗೊತ್ತಿರುವಂಥದ್ದೇ. ನಾನು ಬಣ್ಣ ಹೊತ್ತು ತಂದ ಸೇತುವೆ ಮುಗಿಯಿತು. ಹಂಚು ಲಾರಿ ಹತ್ತಿತು, ದೋಣಿ ದಡ ಹತ್ತಿತು. ಕೆಲವು ಕಾಲ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ದುಡಿದೆ. ಅಲ್ಲಿ ರಾತ್ರಿ ನೀರೆರಚಿ ಆರಿಸುತ್ತಿದ್ದರು, ಮರ್ಯಾದೆಯೇ ಇರಲಿಲ್ಲ. ಅಂಗಡಿ ಮುಚ್ಚಿದಾಗ ಮುತ್ತುವೇ ಬಂದು ಕೇಳಿ ನನ್ನನ್ನು ಮನೆಗೆ ತಂದಳು. ಜಲಜಳ ಮದುವೆಯಾದಾಗ ಅವಳ ಜೊತೆ ಬಂದು ಸ್ನಾನದ ನೀರು ಕಾಯಿಸಿದೆ. ಆಮೇಲೆ ಗ್ಯಾಸು ಬಂತು, ನನ್ನ ತಳ ತುಕ್ಕು ಹಿಡಿದು ಉದುರಿತು. ಹೆರಿಯ ಹೋದ, ಹಿಂದಿನ ವರ್ಷ ಮುತ್ತುವೂ ಹೋದಳು. ಕೊನೆಗಾಲದಲ್ಲಿ ನನ್ನ ಹೊಟ್ಟೆಗೆ ಈ ಬಸಳೆ ನೆಟ್ಟವಳು ಅವಳೇ. ಮಣ್ಣನ್ನು ಮುಷ್ಟಿಯಿಂದ ಗುದ್ದಿ ತುಂಬಿದಳು, ಹಳೆಯ ಹದದಲ್ಲೇ.

ಈಗ ನಾನಿರುವುದು ಜಲಜಳ ಮಲಗುವ ಕೋಣೆಯ ಕಿಟಕಿಯ ಕೆಳಗೆ, ಅಂಗಳದ ಮೂಲೆಯಲ್ಲಿ. ದಿನಾ ರಾತ್ರಿ ಒಳಗಿನಿಂದ ಅವಳ ಗಂಡನ ಗೊಣಗಾಟ ಕೇಳುತ್ತದೆ.

"ಕಿಟ್ಕಿ ಪೂರಾ ಮುಚ್ಚ್ ಮಾರಾಯ್ತಿ, ನುಸಿ ಬತ್ತ್."

"ಒಂದ್ ಗೇಣ್ ತೆರ್ದೇ ಇರ್ಲಿ. ಅಬ್ಬಿ ಹೇಳಿದ್ದ್."

ತಾಯಿ ಯಾಕೆ ಹಾಗೆ ಹೇಳಿದ್ದಳೆಂದು ಅವನು ಕೇಳುವುದಿಲ್ಲ. ಕೇಳಿದರೂ ಆ ರಾತ್ರಿಯ ನೆನಪು ಅವಳಿಗಿರಲು ಸಾಧ್ಯವಿಲ್ಲ, ಅದು ನನಗೊಬ್ಬನಿಗೇ ಉಳಿದಿದೆ. ಸಂಜೆಯಿಂದ ಚಡಪಡಿಸುತ್ತಿದ್ದವನು ನಾನು, ಕಿಟಕಿಯ ಕೊಂಡಿ ಸಡಿಲವಾಗುವ ಸದ್ದಿಗೆ ಕಾಯುತ್ತೇನೆ. ಅದು ಕೇಳಿಸಿದ ಮೇಲೆ ಮಾತ್ರ ಒಳಗಿನವರ ಉಸಿರಿಗೆ ಕಿವಿಗೊಡುವುದನ್ನು ಬಿಟ್ಟು ಮಲಗುತ್ತೇನೆ.