ಅಂಚೆಯವಳ ಹನ್ನೊಂದು ಮಾತು

ನಮ್ಮ ನಾಟಕ ವಿಭಾಗದಲ್ಲಿ ಬರೀ ಪಾದ ನೋಡಿ ಇಂಥವರು ಎಂದು ಹೇಳಬಲ್ಲವಳು ನಾನೊಬ್ಬಳೇ. ಮೂರು ವರ್ಷದಿಂದ ರಂಗದ ಅಂಚಿನ ಕೆಳಗಿರುವ ಗೂಡಿನಲ್ಲಿ ಕೂತು, ನಟರು ಮಾತು ಮರೆತಾಗಲೆಲ್ಲ ಪಿಸುಗುಟ್ಟುವ ಪ್ರಾಂಪ್ಟರ್ ನಾನು. ಗೂಡು ಎಂದರೆ ಗೂಡೇ. ಒಂದು ಸ್ಟೂಲು, ಒಂದು ಪುಟ್ಟ ಬಲ್ಬು, ತೊಡೆಯ ಮೇಲೆ ನಾಟಕದ ಪುಸ್ತಕ, ಎದುರಿಗೆ ತಲೆ ಮಾತ್ರ ತೂರುವಷ್ಟು ಕಿಂಡಿ. ಕಿಂಡಿಯಲ್ಲಿ ಕಾಣುವುದು ಬೂಟು, ಚಪ್ಪಲಿ, ಲಂಗದ ಅಂಚು. ಕತ್ತು ಮುರಿದುಕೊಂಡು ನೋಡಿದರೆ ಗದ್ದ. ಪ್ರೇಕ್ಷಕರಿಗೆ ಕಾಣುವುದು ಗೂಡಿನ ಮೇಲಿನ ಕಪ್ಪು ಮುಚ್ಚಳ. ವಿಭಾಗದವರೆಲ್ಲ ನನ್ನನ್ನು ಪಿಸು ಎಂದೇ ಕರೆಯುತ್ತಾರೆ.

ಮೊದಲ ವರ್ಷ ಮೇಷ್ಟ್ರು, ಅಂದರೆ ನಮ್ಮ ವಿಭಾಗದ ಮುಖ್ಯಸ್ಥರು, "ಇದೊಂದು ನಾಟಕಕ್ಕೆ ಕೂತ್ಕೋಮ್ಮ, ಮುಂದಿನದ್ರಲ್ಲಿ ಪಾತ್ರ ಕೊಡ್ತೀನಿ" ಎಂದಿದ್ದರು. ನಂಬಿ ಕೂತೆ. ಅದು ಮೊದಲನೆಯ ತಪ್ಪು. ಅಚ್ಚುಕಟ್ಟಾಗಿ ಕೆಲಸ ಮಾಡಿದೆ, ಅದು ಅದಕ್ಕಿಂತ ದೊಡ್ಡ ತಪ್ಪು. ನಮ್ಮಲ್ಲಿ ವರ್ಷಕ್ಕೆ ಮೂರು ನಾಟಕ, ಎರಡು ಸಂಗೀತ ನಾಟಕ. ಪ್ರತಿ ಸಲ ನೋಟೀಸ್ ಬೋರ್ಡಿಗೆ ಪಾತ್ರಗಳ ಪಟ್ಟಿ ಅಂಟಿಸಿದಾಗ ಮೇಲಿಂದ ಬೆರಳಿಟ್ಟು ಓದುತ್ತಾ ಬಂದು, ಪ್ರಾಂಪ್ಟರ್ ಎಂಬ ಕೊನೆಯ ಸಾಲಿನಲ್ಲಿ ಸಿಕ್ಕಿಬೀಳುತ್ತಿದ್ದೆ. ಹೀಗೆ ಹದಿನಾಲ್ಕು ಸಲ.

ಹದಿನೈದನೆಯದರ ಹೊತ್ತಿಗೆ ನನಗೆ ದಿಗಿಲು ಹತ್ತಿತು. ವಿಶ್ವವಿದ್ಯಾಲಯದ ನಿಯಮದ ಪ್ರಕಾರ, ಪದವಿ ಬೇಕಾದರೆ ಮೂರು ವರ್ಷದಲ್ಲಿ ಒಮ್ಮೆಯಾದರೂ ರಂಗದ ಮೇಲೆ ನಿಂತು ಕನಿಷ್ಠ ಹತ್ತು ಮಾತು ಆಡಿರಬೇಕು. ಪರೀಕ್ಷಕಿಯೊಬ್ಬರು ಮೂರನೆಯ ಸಾಲಿನಲ್ಲಿ ಕೂತು ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳುತ್ತಾರೆ. ಗೂಡಿನಿಂದ ನಾನು ಆಡಿದ ಸಾವಿರಾರು ಮಾತು ಲೆಕ್ಕಕ್ಕಿಲ್ಲ. ಮೇಷ್ಟ್ರ ಕೋಣೆಗೆ ಹೋಗಿ ಅತ್ತೆ, ಅದು ನಾಟದಿದ್ದಾಗ ಜಗಳವಾಡಿದೆ. ಕೊನೆಗೆ ಪೀಡೆ ತೊಲಗಲಿ ಎಂಬಂತೆ ಅಂಚೆಯವಳ ಪಾತ್ರ ಕೊಟ್ಟರು. ಒಟ್ಟು ಹನ್ನೊಂದು ಮಾತು.

ಆದರೆ ಗೂಡು ಬಿಡುವಂತಿರಲಿಲ್ಲ, ರಾಜನ ದೆಸೆಯಿಂದ. ರಾಜ ನಮ್ಮ ನಾಯಕನಟ. ಯಾವ ನಾಟಕವಾದರೂ ಕಿರೀಟ ಅವನದೇ, ಹಾಗಾಗಿ ಆ ಹೆಸರು. ಕಂಠ ಚಿನ್ನ, ತಲೆ ಖಾಲಿ ಡಬ್ಬ. ಮಾತು ಬಾಯಿಪಾಠ ಮಾಡುವ ಗೋಜಿಗೇ ಹೋದವನಲ್ಲ. ಬಲಗಾಲಿನ ಬೂಟನ್ನು ಎರಡು ಸಲ ಕುಟ್ಟುತ್ತಾನೆ, ನಾನು ಪಿಸುಗುಟ್ಟುತ್ತೇನೆ, ಅವನು ಗರ್ಜಿಸುತ್ತಾನೆ. ಅರ್ಥ ಗಿರ್ಥ ಅವನಿಗೆ ಬೇಕಿಲ್ಲ. ಕಿವಿಗೆ ಬಿದ್ದದ್ದು ಹಾಗೇ ಬಾಯಿಂದ ಹೊರಡುತ್ತದೆ.

"ವಿರಾಮದ ತನಕ ನೀನೇ ಗೂಡಲ್ಲಿರು. ಆಮೇಲೆ ನಾನು ಕೂತ್ಕೋತೀನಿ, ನೀನು ಹೋಗಿ ಅಂಚೆ ಹಂಚು" ಎಂದರು ಮೇಷ್ಟ್ರು. ವಿರಾಮಕ್ಕೇ ಯಾಕೆ ಎಂದರೆ, ಗೂಡಿನ ಬಾಗಿಲು ವಾದ್ಯದವರು ಕೂರುವ ತಗ್ಗಿಗೆ ತೆರೆಯುತ್ತದೆ. ಅಲ್ಲಿ ಜಾಗ ಸಾಲದು, ಪಿಯಾನೋವನ್ನು ಆ ಬಾಗಿಲಿಗೇ ಒತ್ತಿ ನಿಲ್ಲಿಸುತ್ತಾರೆ. ಒಮ್ಮೆ ಒತ್ತಿದರೆ ವಿರಾಮದವರೆಗೆ ನಾನು ಒಳಗೆ.

ಪ್ರದರ್ಶನದ ದಿನ ಬೆಳಿಗ್ಗೆ ಅಮ್ಮ ಕೇಳಿದಳು, "ಇವತ್ತಾದ್ರೂ ಕಾಣಿಸ್ತೀಯೇನೇ?"

ಅಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಇಪ್ಪತ್ತು ವರ್ಷ ಆ ಯಂತ್ರಗಳ ಗದ್ದಲದಲ್ಲಿ ಕಿವಿ ಮಂದವಾಗಿದೆ, ಗಂಟಲು ದೊಡ್ಡದಾಗಿದೆ. ಹದಿನಾಲ್ಕು ಸಲವೂ ಬಂದು ಹಿಂದಿನ ಸಾಲಿನಲ್ಲಿ ಕೂತು ಕಪ್ಪು ಮುಚ್ಚಳ ನೋಡಿ ಹೋಗಿದ್ದಾಳೆ.

"ಕಾಣಿಸ್ತೀನಮ್ಮ."

"ಏನಂದೆ? ಮನೇಲೂ ಪಿಸಪಿಸ ಅಂತೀಯಲ್ಲೇ ಈಚೆಗೆ. ನನ್ಹತ್ರ ಏನು ಗುಟ್ಟು?"

ಸಂಜೆ ಅಂಚೆಯವಳ ಖಾಕಿ ಅಂಗಿ ತೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡೇ ಗೂಡು ಹೊಕ್ಕೆ. ಬಾಗಿಲು ಮುಚ್ಚಿತು. ಪಿಯಾನೋ ಕರ್ರೆಂದು ಬಂದು ಒತ್ತಿ ನಿಂತಿತು. ಆಗ ತಲೆಯ ಮೇಲೆ ಮೇಷ್ಟ್ರ ಕಂಚಿನ ಕಂಠ: "ಮಾನ್ಯ ಕುಲಪತಿಗಳಿಗೆ ಬೇರೊಂದು ಸಮಾರಂಭ ಇರುವುದರಿಂದ ಇಂದು ವಿರಾಮ ಇರುವುದಿಲ್ಲ."

ಬಾಗಿಲು ಬಡಿದೆ. ಅಷ್ಟರಲ್ಲಿ ವಾದ್ಯ ಶುರುವಾಗಿತ್ತು. ಆ ಬಡಿತವನ್ನು ಪಿಯಾನೋದವರು ಕೇಳಿಸಿಕೊಂಡಿದ್ದರಂತೆ. ಡ್ರಮ್ಮಿನವನು ತಾಳ ತಪ್ಪುತ್ತಿದ್ದಾನೆ ಎಂದುಕೊಂಡು ಅವನನ್ನು ಗುರಾಯಿಸಿದರಂತೆ, ಅಷ್ಟೇ. ಕಿಂಡಿಯಲ್ಲಿ ತಲೆ ತೂರಿಸಿದೆ, ಭುಜ ತೂರಲಿಲ್ಲ. ಬೂಟು ಎರಡು ಸಲ ಕುಟ್ಟಿತು. ಅಳುತ್ತಲೇ ಮಾತು ಹೇಳಿಕೊಟ್ಟೆ. ಅವನು ಗರ್ಜಿಸಿದ, ಚಪ್ಪಾಳೆ ಬಿತ್ತು. ಮುಕ್ಕಾಲು ಗಂಟೆ ಹೀಗೇ. ಪುಟ ತಿರುಗಿಸಿದಷ್ಟೂ ನನ್ನ ದೃಶ್ಯ ಹತ್ತಿರ ಬರುತ್ತಿತ್ತು, ಮತ್ತು ಅದನ್ನು ಹತ್ತಿರ ತರುತ್ತಿದ್ದವಳು ನಾನೇ.

ಬಂದೇಬಿಟ್ಟಿತು. ರಾಜ ಕಿಟಕಿಯ ಬಳಿ ನಿಂತು ಮಗನ ಕಾಗದಕ್ಕಾಗಿ ಕಾಯುತ್ತಾನೆ, ಅಂಚೆಯವಳು ಬರಬೇಕು. ಯಾರೂ ಬರಲಿಲ್ಲ. ಪಕ್ಕದ ಪರದೆಯ ಮರೆಯಲ್ಲಿ ಮೇಷ್ಟ್ರು ಕಂಡರು. ನನ್ನ ಕಿಂಡಿಯತ್ತ ಬಗ್ಗಿ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರು. ರಿಹರ್ಸಲ್‌ನಲ್ಲಿ ಹಾಗೆ ಮಾಡಿದರೆ, ಆ ದೃಶ್ಯ ಬಿಟ್ಟು ಮುಂದಕ್ಕೆ ಹೋಗು ಎಂದರ್ಥ. ಮುಂದಕ್ಕೆ ಹೋಗುವುದು ಸುಲಭ. 'ಅಂಚೆ ಇವತ್ತೂ ಬರಲಿಲ್ಲ' ಎಂದು ರಾಜನಿಂದ ಹೇಳಿಸಿದರೆ ಮುಗಿಯಿತು. ಅಂದರೆ ನನ್ನ ಪಾತ್ರವನ್ನು ನನ್ನ ಬಾಯಿಂದಲೇ ಕತ್ತರಿಸಬೇಕು. ನಾನು ಗೂಡಿನಲ್ಲಿ ಸಿಕ್ಕಿಕೊಂಡಿದ್ದೇನೆಂದು ಆ ಮಹಾನುಭಾವರಿಗೆ ಗೊತ್ತಿತ್ತು. ಗೊತ್ತಿದ್ದೂ ಕತ್ತರಿ ಆಡಿಸುತ್ತಿದ್ದರು.

ಬೂಟು ಕುಟ್ಟಿತು. ಮತ್ತೆ ಕುಟ್ಟಿತು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪಿಸುಗುಟ್ಟಿದೆ.

ರಾಜ ಎರಡೂ ಕೈ ಚಾಚಿ ಸಭೆಯ ಕಡೆ ತಿರುಗಿ ಗರ್ಜಿಸಿದ: "ಪಿಯಾನೋ ಸರಿಸಿ!"

ನಾನು ಮುಂದುವರಿಸಿದೆ, ಅವನೂ ಮುಂದುವರಿಸಿದ: "ಗೂಡಿನ ಬಾಗಿಲು ತೆಗೆಯಿರಿ! ಒಳಗೊಬ್ಬಳು ಸಿಕ್ಕಿಹಾಕಿಕೊಂಡಿದ್ದಾಳೆ! ಈಗಲೇ!"

ರಾಜಾಜ್ಞೆ ಎಂದರೆ ರಾಜಾಜ್ಞೆ. ಕರ್ರೆಂಬ ಸದ್ದು ಕೇಳಿತು, ಬಾಗಿಲು ತೆರೆಯಿತು. ಪಿಯಾನೋದವರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಅವರನ್ನು ದಾಟಿ ಪಕ್ಕದ ಮೆಟ್ಟಿಲು ಹತ್ತಿ ಓಡಿದೆ. ಪರದೆಯ ಬಳಿ ಮೇಷ್ಟ್ರು ಚೀಲದ ಪಟ್ಟಿ ಹಿಡಿದು ಎಳೆದರು.

"ನಾಟಕ ಹಾಳು ಮಾಡಿಬಿಟ್ಟೆಯಲ್ಲೇ!"

"ಬಿಡಿ ಸಾರ್, ಅಂಚೆ ತಡ ಆಗುತ್ತೆ" ಎಂದು ಕೊಸರಿಕೊಂಡೆ.

ಬೆಳಕು ಇಷ್ಟು ಬಿಸಿ ಎಂದು ನನಗೆ ಗೊತ್ತಿರಲಿಲ್ಲ. ಮೂರನೆಯ ಸಾಲಿನಲ್ಲಿ ಪರೀಕ್ಷಕಿಯ ಪೆನ್ಸಿಲ್ ಕಾಣಿಸಿತು. ಬಾಯಿ ತೆರೆದು ಮೊದಲನೆಯ ಮಾತು ಆಡಿದೆ. ಹೊರಟದ್ದು ಪಿಸುಮಾತು. ಮೂರು ವರ್ಷದ ಅಭ್ಯಾಸ, ಗಂಟಲು ಬೇರೇನನ್ನೂ ಅರಿಯದು. ಎದುರಿಗೆ ನಿಂತ ರಾಜನಿಗೂ ಅಷ್ಟೇ ವರ್ಷದ ಅಭ್ಯಾಸ. ಎದೆಯುಬ್ಬಿಸಿ ನನ್ನ ಮಾತನ್ನೇ ಗರ್ಜಿಸಿದ: "ದೊರೆಯೇ, ಕಾಗದ ಬಂದಿದೆ!"

ಜನ ಬಿದ್ದು ಬಿದ್ದು ನಕ್ಕರು. ಪೆನ್ಸಿಲ್ ಅಲುಗಲಿಲ್ಲ.

ಉಳಿದದ್ದು ಹತ್ತು, ಬೇಕಾದದ್ದು ಹತ್ತು. ಎರಡನೆಯ ಮಾತಿಗೆ ಬಾಯಿ ತೆರೆದೆ, ಬರೀ ಗಾಳಿ ಬಂತು. ಗೂಡಿನಿಂದ ಹೊರಗೆ ಬಂದರೂ ಗೂಡು ಗಂಟಲೊಳಗೇ ಇತ್ತು. ರಾಜ ನನ್ನ ತುಟಿಯನ್ನೇ ನೋಡುತ್ತಾ ತಯಾರಾಗಿ ನಿಂತಿದ್ದ, ಪಾಪಿ.

ಆಗ ಹಿಂದಿನ ಸಾಲಿನಿಂದ ಅಮ್ಮನ ಧ್ವನಿ ಸಭೆಯನ್ನೇ ಸೀಳಿಕೊಂಡು ಬಂತು. "ಏ, ಕೇಳಿಸ್ತಿಲ್ಲ ಕಣೇ! ಚಿಕ್ಕವಳಿದ್ದಾಗ ನಿನ್ನ ಕಿರುಚಾಟ ಪಕ್ಕದ ಬೀದಿಗೆ ಕೇಳಿಸ್ತಿತ್ತು, ಈಗೇನಾಯ್ತು?"

ಮುನ್ನೂರು ಜನರ ಮುಂದೆ ಮಾನ ಹರಾಜಾಯಿತು. ನಾಚಿಕೆಗಿಂತ ಮೊದಲು ಸಿಟ್ಟು ಬಂತು, ಸಿಟ್ಟಿನ ಜೊತೆಗೇ ದನಿ ಬಂತು.

"ನಾಲ್ಕು ಊರು ನಡೆದು ತಂದಿದ್ದೇನೆ!" ಎಂದು ಕಿರುಚಿದೆ.

ರಾಜ ಬಾಯಿ ತೆರೆದಿದ್ದವನು ಹಾಗೇ ಮುಚ್ಚಿದ. ಪೆನ್ಸಿಲ್ ಅಲುಗಿತು. ಅಮ್ಮ ಪಕ್ಕದವರಿಗೆ "ನನ್ನ ಮಗಳು" ಎಂದದ್ದು ಸಭೆಗೆಲ್ಲ ಕೇಳಿಸಿತು. ಮೂರು, ನಾಲ್ಕು, ಐದು ಎಂದು ಮನಸ್ಸಿನಲ್ಲೇ ಎಣಿಸುತ್ತಾ ಹನ್ನೊಂದನೆಯದನ್ನೂ ಆಡಿ ಮುಗಿಸಿ, ಕಾಗದ ಅವನ ಕೈಗಿಟ್ಟು ಒಳಗೆ ಬಂದೆ. ಜೀವನದಲ್ಲಿ ಅಷ್ಟು ಖುಷಿ ನಾನು ಪಟ್ಟಿರಲಿಲ್ಲ.

ಮೇಷ್ಟ್ರು ಕೈ ಮುಗಿದರು. "ಗೂಡಲ್ಲಿ ಯಾರೂ ಇಲ್ಲಮ್ಮ. ಕಾಗದ ಓದೋ ಮಾತು ಅವನಿಗೆ ಗೊತ್ತಿಲ್ಲ. ಹೋಗಮ್ಮ, ಇದೊಂದು ಸಲ."

"ನೀವು ಕೂತ್ಕೋತೀನಿ ಅಂದಿದ್ರಲ್ಲ ಸಾರ್" ಎಂದೆ. ಜೋರಾಗಿಯೇ ಎಂದೆ.

ಅವರು ಪುಸ್ತಕ ಹುಡುಕುತ್ತಾ ಮೆಟ್ಟಿಲಿಳಿದು ಓಡಿದರು. ರಂಗದ ಮೇಲೆ ರಾಜ ಕಾಗದ ಬಿಡಿಸಿದ. ಬೂಟು ಎರಡು ಸಲ ಕುಟ್ಟಿತು.

ನಾನು ಇನ್ನು ಪ್ರಾಂಪ್ಟರ್ ಅಲ್ಲ, ಕೇಳಿಸಿಕೊಳ್ಳಬೇಕಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎರಡೂ ಕೈಯಿಂದ ಬಾಯಿ ಭದ್ರವಾಗಿ ಮುಚ್ಚಿಕೊಂಡೆ. ಬೂಟು ಮತ್ತೆ ಕುಟ್ಟಿತು. ಅಂಗೈಯೊಳಗೆ ನನ್ನ ತುಟಿ ಆಗಲೇ ಅವನ ಮಾತು ಹೇಳುತ್ತಿತ್ತು.