ಹುಳುಮನೆಯ ಕಿಟಕಿ

ದೇಹವೆಂಬ ಗುಡಿಯಲ್ಲಿ ಹಗಲಿರುಳೂ ಉಯ್ಯಾಲೆಯಾಡುವ ಪ್ರಾಣಸ್ವರೂಪನೇ, ಕುಲಗೋತ್ರ ಕೇಳದೆ ಒಳಹೊಕ್ಕು ಅಪ್ಪಣೆಗೆ ಕಾಯದೆ ಹೊರನಡೆಯುವ ವಾಯುದೇವನೇ, ನಿನಗೆ ಮೊದಲ ವಂದನೆ. ನಿನ್ನನ್ನು ಮಲಿನಗೊಳಿಸಿದ ನಮ್ಮ ಅಪರಾಧವನ್ನು ಮನ್ನಿಸಿ, ಈ ಕಥೆ ಮುಗಿಯುವಷ್ಟು ಹೊತ್ತಾದರೂ ಕೇಳುವವರ ಎದೆಯಲ್ಲಿ ತಿಳಿಯಾಗಿ ಸುಳಿದಾಡು.

ಪೆರೇಸಂದ್ರದಿಂದ ಒಳಗೆ, ಕಲ್ಲುಗುಡ್ಡದ ಬುಡದ ಹದಿನೆಂಟು ಮನೆಗಳ ಹಳ್ಳಿಯಲ್ಲಿ ಅಕ್ಕಯಮ್ಮನಿಗೆ ಬೆಳಗಾಗುತ್ತಿದ್ದುದು ಒರೆಸುವ ಬಟ್ಟೆಯೊಂದಿಗೆ. ಗುಡ್ಡದ ಮೇಲಿನ ಜಲ್ಲಿ ಕ್ರಷರ್ ಉಗುಳಿದ ಬೂದುಬಣ್ಣದ ಧೂಳು ಹೊಸ್ತಿಲ ಮೇಲೆ, ದೇವರ ಪಟಗಳ ಮೇಲೆ, ನೀರಿನ ಕೊಡದ ಮುಚ್ಚಳದ ಮೇಲೆ ರಂಗೋಲಿ ಹಿಟ್ಟಿನಂತೆ ಕೂತಿರುತ್ತಿತ್ತು. ಒರೆಸಿದ ಕೈ ಇಳಿಯುವ ಮೊದಲೇ ಮತ್ತೆ ಕೂರುತ್ತಿತ್ತು. ಒಂದು ವರ್ಷ ಸಿಡುಕಿದಳು. ಮರುವರ್ಷ ಊರವರು ಬರೆದ ಅರ್ಜಿಗೆ ಹೆಬ್ಬೆಟ್ಟು ಒತ್ತಿ ಬಂದಳು. ಆಮೇಲೆ ದಣಿದು, ಗುಡ್ಡಕ್ಕೆ ಎದುರಾದ ಪಡುವಣ ಗೋಡೆಯ ಎರಡು ಕಿಟಕಿಗಳನ್ನೂ ಮುಚ್ಚಿ ಸಂದುಗಳಿಗೆ ಗೋಣಿತಾಟು ತುರುಕಿದಳು. ಮನೆಗೆ ಬೇರೆ ಕಿಟಕಿ ಇರಲಿಲ್ಲ.

ಆ ಮುಚ್ಚಿದ ಮನೆಯೊಳಗೆ ಅವಳ ಗಂಡ ಬಯ್ಯಪ್ಪ ಕೆಮ್ಮುತ್ತಿದ್ದನು. ಹನ್ನೊಂದು ವರ್ಷ ಅದೇ ಕ್ರಷರಿನ ಬಾಯಿಗೆ ಕಲ್ಲು ಸುರಿದವನು. ಆ ಊರಲ್ಲಿ ಕೆಮ್ಮಿಗೆಲ್ಲ ಒಂದೇ ಹೆಸರು, ಧೂಳುಕೆಮ್ಮು. ಎಲ್ಲರಿಗೂ ಇದ್ದುದರಿಂದ ಅದು ಯಾರ ಕಣ್ಣಿಗೂ ರೋಗವಾಗಿ ಕಾಣಲಿಲ್ಲ. ಬೆಲ್ಲ ತಿಂದರೆ ಧೂಳು ಇಳಿಯುತ್ತದೆಂದು ಬಯ್ಯಪ್ಪ ನಾಲ್ಕು ತಿಂಗಳು ಬೆಲ್ಲ ತಿಂದ. ಸಂಜೆಗೊಮ್ಮೆ ಜ್ವರ ಏರತೊಡಗಿದಾಗಲೂ, ಪಂಚೆ ಸೊಂಟದಲ್ಲಿ ನಿಲ್ಲದಾದಾಗಲೂ ಆ ಹೆಸರು ಬದಲಾಗಲಿಲ್ಲ.

ಬದಲಾಯಿಸಿದವಳು ಅದೇ ಊರಿನ ಆಶಾ ಕಾರ್ಯಕರ್ತೆ ಭಾನುಪ್ರಿಯಾ. ಅವನ ಕಫವನ್ನು ಡಬ್ಬಿಯಲ್ಲಿ ಪರೀಕ್ಷೆಗೆ ಒಯ್ದಿದ್ದವಳು ವಾರದೊಳಗೆ ಬಂದು ಜಗಲಿಯಲ್ಲಿ ಕೂತು, ಕ್ಷಯವೆಂದಳು. ವೈದ್ಯರು ಹೇಳಿದ್ದನ್ನೂ ಒಪ್ಪಿಸಿದಳು: ಕಲ್ಲಿನ ಧೂಳು ವರ್ಷಗಟ್ಟಲೆ ಉಜ್ಜಿ ಶ್ವಾಸಕೋಶದ ಕಾವಲನ್ನು ಸಡಿಲಿಸಿದೆ, ಕಾವಲಿಲ್ಲದ ಕೋಟೆಗೆ ರೋಗಾಣು ನುಗ್ಗಿದೆ, ಮುಚ್ಚಿದ ಮನೆಯಲ್ಲಿ ಅವನು ಕೆಮ್ಮಿದ ಗಾಳಿಯನ್ನೇ ಉಳಿದವರೂ ಉಸಿರಾಡುತ್ತಾರೆ. ಆರು ತಿಂಗಳು ಮಾತ್ರೆ ತಪ್ಪಬಾರದು, ಕಿಟಕಿ ತೆರೆದಿರಬೇಕು.

"ತೆಗೆದ್ರೆ ಧೂಳು ಬರ್ತದೆ, ಮುಚ್ಚಿದ್ರೆ ರೋಗ ಇರ್ತದೆ. ಯಾವುದನ್ನ ಕರೀಲಿ ಒಳಕ್ಕೆ, ನೀನೇ ಹೇಳಮ್ಮ" ಎಂದಳು ಅಕ್ಕಯಮ್ಮ.

ಭಾನುಪ್ರಿಯಾ ತಲೆ ತಗ್ಗಿಸಿದಳು. "ನಮ್ಮನೇಲೂ ಗೋಣಿತಾಟೇ ಇರೋದು, ಅತ್ತೆ."

ಅಕ್ಕಯಮ್ಮನ ಎದೆಯಲ್ಲಿ ಕೂತಿದ್ದ ಭಯ ಗಂಡನದೊಂದೇ ಅಲ್ಲ. ಗೌರಿಬಿದನೂರಿಗೆ ಕೊಟ್ಟಿದ್ದ ಮಗಳು ಪವಿತ್ರ ಎಂಟು ತಿಂಗಳ ಬಸುರಿ. ಮೂರು ವಾರ ಕಳೆದರೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವವಳು. ಬರಬೇಡವೆನ್ನಲು ಎರಡು ಸಲ ಫೋನು ಹಿಡಿದಳು. ಎರಡು ಸಲವೂ ಊಟವಾಯಿತೇ ಎಂದಷ್ಟೇ ಕೇಳಿ ಇಟ್ಟಳು. ಮಂಡಿಕಲ್ಲಿನ ಮೈದುನ ವೆಂಕಟರಾಮಪ್ಪ ಅಣ್ಣನನ್ನು ನೋಡಲು ಬಂದವನು ಅಂಗಳದಲ್ಲಿ ನಿಂತೇ ಕಾಫಿ ಕುಡಿದ. ಪವಿತ್ರಳ ಬಾಣಂತನ ಅವನ ಮನೆಯಲ್ಲಾದೀತೇ ಎಂದು ಕೇಳುವ ಮೊದಲೇ, ತನ್ನ ಮನೆಯ ಮಾಡು ರಿಪೇರಿಯಲ್ಲಿದೆ ಎಂದ. ಅವಳಿಗೆ ಕೋಪ ಬರಲಿಲ್ಲ. ಕೋಪಕ್ಕೂ ಉಸಿರು ಬೇಕಷ್ಟೆ.

ಅಂದು ಸಂಜೆ ಹಿಪ್ಪುನೇರಳೆ ಸೊಪ್ಪು ಹೊತ್ತು, ರೇಷ್ಮೆಹುಳು ಸಾಕುವ ಹುಳುಮನೆಗೆ ನಡೆದಳು. ತೋಟದ ಮೂಡಣ ಅಂಚಿನಲ್ಲಿ ದೊಡ್ಡ ಬಂಡೆಯ ಮರೆಗಿದ್ದ ಮನೆ ಅದು. ಹುಳು ಸಾಕುತ್ತಿದ್ದಲ್ಲಿಗೆ ಧೂಳು ನುಗ್ಗಿ ಒಂದು ಬೆಳೆಯ ರೇಷ್ಮೆಹುಳು ಪೂರ್ತಿ ಸತ್ತ ವರ್ಷ, ಬಯ್ಯಪ್ಪ ಅವಳ ಹಳೇ ಸೀರೆಯ ಅಂಚನ್ನು ಕೋಲಿಗೆ ಕಟ್ಟಿ, ಮೂರು ದಿನ ತೋಟದಲ್ಲೆಲ್ಲ ನೆಟ್ಟು ಗಾಳಿ ನೋಡಿ, ಧೂಳು ಹಾಯದ ಜಾಗ ಹುಡುಕಿ ಕಟ್ಟಿಸಿದ್ದ. ನಾಲ್ಕು ದಿಕ್ಕಿಗೂ ಕಿಟಕಿ, ಕಿಟಕಿಗೆ ನೈಲಾನ್ ಬಲೆ.

ಹುಳುಗಳು ಪೊರೆ ಕಳಚುವ ನಾಲ್ಕನೆಯ ಜ್ವರ ಕಳೆದು ಎದ್ದಿದ್ದವು. ಸೊಪ್ಪು ಹರಡುವಾಗ ಒಂದು ಹುಳು ಊದಿಕೊಂಡು ಮಿರುಗುತ್ತಿದ್ದುದು ಕಂಡಿತು. ಒಂದರಿಂದ ಇನ್ನೊಂದಕ್ಕೆ ಹರಡುವ ಹಾಲುತೊಂಡೆ ರೋಗ. ಅವಳ ಕೈ ತಾನೇ ಕಡ್ಡಿ ಹಿಡಿದು ಅದನ್ನೆತ್ತಿ ಸುಣ್ಣದ ಬೋಗುಣಿಗೆ ಹಾಕಿತು. ತಾನೇ ಸುಣ್ಣದ ಪುಡಿ ಉದುರಿಸಿತು. ತಾನೇ ಹೋಗಿ ಕಿಟಕಿಗಳ ಕದವನ್ನು ಗೋಡೆಗೊರಗುವಷ್ಟು ತೆರೆಯಿತು. ತಂಗಾಳಿ ಮುಖಕ್ಕೆ ಬಡಿಯಿತು. ಅದರಲ್ಲಿ ಧೂಳಿರಲಿಲ್ಲ.

ಕದ ಹಿಡಿದ ಕೈ ಅಲ್ಲೇ ನಿಂತಿತು. ಹತ್ತು ವರ್ಷ ಹುಳುವಿಗೆ ಮಾಡಿದ್ದನ್ನು ಮನೆಯವನಿಗೆ ಮಾಡಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ. ಅವಳು ಉಳಿದ ಸೊಪ್ಪನ್ನು ಹರಡಿ ಮುಗಿಸಿ, ಮಂಚ ಎಲ್ಲಿ ಹಿಡಿಸೀತೆಂದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದಳು.

ಹುಳು ಕಟ್ಟಿದ ರೇಷ್ಮೆಗೂಡು ಬಿಡಿಸುವವರೆಗೆ ಬಯ್ಯಪ್ಪ ಜಗಲಿಯಲ್ಲಿ, ಮೂಗುಬಾಯಿಗೆ ಬಟ್ಟೆ ಕಟ್ಟಿ ಮಲಗಿದ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ದಿನವೇ ಅಕ್ಕಯಮ್ಮ ಗೂಡು ಕಟ್ಟಿಸುವ ಚಂದ್ರಿಕೆ, ತಟ್ಟೆಗಳನ್ನೆಲ್ಲ ಹುಳುಮನೆಯಿಂದ ಹೊರಗೆ ಹಾಕಿ, ನೆಲ ತೊಳೆದು, ಗಂಡನ ಮಂಚವನ್ನು ಅಲ್ಲಿಗೆ ಹೊರಿಸಿದಳು. ಅವನ ಮಾತ್ರೆ ಮುಗಿಯುವತನಕ ಹುಳು ಸಾಕುವುದಿಲ್ಲವೆಂದಳು. ಬಯ್ಯಪ್ಪ ಬಾಗಿಲಲ್ಲೇ ನಿಂತುಬಿಟ್ಟ.

"ನಾನೇನು ಹುಳಾನೇನೇ, ಇಲ್ಲಿ ಮಲಗಕ್ಕೆ?"

"ಹುಳ ಆಗಿದ್ದಿದ್ರೆ ನಾಕು ತಿಂಗಳ ಹಿಂದೇನೇ ಬೇರೆ ಮಾಡಿ ಕಿಟಕಿ ತೆಗೀತಿದ್ದೆ. ಮನುಷ್ಯ ಅಂತ ಸುಮ್ಮನಿದ್ದೆ."

ಸೊಪ್ಪು ಮಾತ್ರ ಹಾಕಬೇಡ ಎಂದು ಗೊಣಗಿ ಅವನು ಒಳಗೆ ಹೋದ.

ಊರ ಮನೆಯ ಮೂಡಣ ಗೋಡೆಯನ್ನು ಒಡೆಸಿ ಹೊಸ ಕಿಟಕಿ ಇಡಿಸಿದಳು. ಭಾನುಪ್ರಿಯಾ ಅಕ್ಕಯಮ್ಮನ ಎದೆಯನ್ನೂ ಪರೀಕ್ಷೆ ಮಾಡಿಸಿದಳು, ರೋಗ ಕಾಣಲಿಲ್ಲ. ಪವಿತ್ರ ಬಂದಳು, ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತಳು. ಹದಿನಾರನೆಯ ದಿನ ಕೂಸನ್ನು ಹೊತ್ತು ತೋಟದ ಬದುವಿನ ಮೇಲೆ ಬಂದು, ಹುಳುಮನೆಗೆ ಹತ್ತು ಮಾರು ದೂರದಲ್ಲಿ ನಿಂತಳು. ಬಲೆಯ ಹಿಂದೆ ಅಜ್ಜನ ಮುಖ ಕಾಣಿಸಿತು.

"ಯಾರ ಹಾಗಿದ್ದಾಳಮ್ಮ?"

"ವಾಸಿಯಾಗಿ ಆಚೆ ಬಂದು ನೀನೇ ಹೇಳಪ್ಪ" ಎಂದಳು ಮಗಳು.

ಗುಡ್ಡದ ಮೇಲೆ ಕ್ರಷರ್ ಗುಡುಗಲಾರಂಭಿಸಿತು. ಅಕ್ಕಯಮ್ಮ ಮಗುವಿನ ಮುಖಕ್ಕೆ ಸೆರಗು ಮರೆಮಾಡಿ ಮಗಳನ್ನು ಮನೆಯ ಕಡೆ ತಿರುಗಿಸಿದಳು. ಒರೆಸುವ ಬಟ್ಟೆ ಹೊಸ್ತಿಲಲ್ಲಿ ಕಾಯುತ್ತಿತ್ತು.

ಇದನ್ನು ಕೇಳಿದವರ ಮನೆಗಳಿಗೆ ತೆರೆಯಬಲ್ಲ ಕಿಟಕಿಗಳಿರಲಿ. ತೆರೆದ ಕಿಟಕಿಗೆ ತಿಳಿಗಾಳಿ ಒದಗಲಿ. ಕೆಮ್ಮುವವರಿಗೆ ಮದ್ದೂ, ಮದ್ದು ಕೊಡುವ ಕೈಗೆ ವಿಶ್ರಾಂತಿಯೂ ದೊರೆಯಲಿ. ಹುಟ್ಟಿದ ಕೂಸುಗಳ ಮೊದಲ ಉಸಿರು ನಿರ್ಮಲವಾಗಿರಲಿ. ಸಕಲರಿಗೂ ಮಂಗಳವಾಗಲಿ.