ಕೇಳಿಸಿಕೊಳ್ಳದ ಡ್ರೈವರ್ ಈರಭದ್ರಪ್ಪ

ಈರಭದ್ರಪ್ಪನಿಗೆ ಕಿವಿ ಮಂದವೆಂದು ಕಡೂರಿನ ಅರ್ಧ ಜನ ನಂಬಿದ್ದರು. ಮಿಕ್ಕವರು ಅದು ಸುಳ್ಳೆಂದು ಗೊತ್ತಿದ್ದೂ ಅದನ್ನೇ ಅವನ ಪರಮ ಯೋಗ್ಯತೆಯೆಂದು ಕೊಂಡಾಡುತ್ತಿದ್ದರು. ಸಿಮೆಂಟು ಕಬ್ಬಿಣದ ವ್ಯಾಪಾರಿ ತೀರ್ಥಪ್ಪನವರ ಮನೆಯ ಕಾರನ್ನು ಇಪ್ಪತ್ತೆರಡು ವರ್ಷ ಓಡಿಸಿದ ಈ ಮನುಷ್ಯ, ಎಂಜಿನ್ನಿನೊಳಗೆ ಎಲ್ಲೋ ಒಂದು ನಟ್ಟು ಸಡಿಲವಾದರೂ ಹಿರೇನಲ್ಲೂರಿನ ಗುಂಡಿ ರಸ್ತೆಯ ಗದ್ದಲದಲ್ಲಿ ಅದನ್ನು ಗುರುತಿಸಬಲ್ಲವನಾಗಿದ್ದ. ಆದರೆ ಹಿಂದಿನ ಸೀಟಿನಲ್ಲಿ ಗಂಡಹೆಂಡಿರು ಆಡುವ ಮಾತು ಮಾತ್ರ ಅವನ ಕತ್ತಿನ ಹಿಂಭಾಗಕ್ಕೆ ತಾಗಿ ಅಲ್ಲೇ ಬಿದ್ದುಹೋಗುತ್ತಿತ್ತು. ಆ ಮನೆಯ ಮಗಳಿಗೆ ಬೀರೂರಿನ ಗಂಡೊಂದನ್ನು ನೋಡಿ ಬಂದ ದಿನ, ಆ ಹುಡುಗನ ಕೂದಲಿನಿಂದ ಹಿಡಿದು ಅವನ ತಾಯಿಯ ನಾಲಗೆಯವರೆಗೆ ದಾರಿಯುದ್ದಕ್ಕೂ ವಿಮರ್ಶೆ ನಡೆಯಿತು. ಮಾರನೆಯ ದಿನ ಗಂಡಿನ ಕಡೆಯವರೊಬ್ಬರು ಟೀ ಅಂಗಡಿಯಲ್ಲಿ ಇವನನ್ನು ಹಿಡಿದು, “ಏನಂದ್ರಪ್ಪಾ ನಿಮ್ಮೋರು?” ಎಂದು ಕೆದಕಿದರೆ, “ಮೋಡ ಆಗೈತೆ, ಆದ್ರೆ ಬೀಳಲ್ಲ ಕಣ್ರೀ” ಎಂದು ಆಕಾಶ ನೋಡಿದನಂತೆ.

ಅವನ ನಡಿಗೆಯಲ್ಲೊಂದು ವಿಶೇಷವಿತ್ತು. ಬೀದಿಯಲ್ಲಿ ಯಾರೋ ಅಟ್ಟಿಸಿಕೊಂಡು ಬಂದಂತೆ ದಾಪುಗಾಲು ಹಾಕುವವನು, ಕಾರಿನ ಸಮೀಪಕ್ಕೆ ಬಂದೊಡನೆ ಪೂಜೆಗೆ ನಿಂತವನಂತೆ ನಿಧಾನವಾಗುತ್ತಿದ್ದ. ಒಂದು ಸುತ್ತು ಬಂದು, ನಾಲ್ಕೂ ಟೈರುಗಳನ್ನು ಕಾಲಿನಿಂದ ಒತ್ತಿ ನೋಡಿ, ಚಪ್ಪಲಿ ಕಳಚಿ ಹಳೆಯ ಪೇಪರಿನಲ್ಲಿ ಸುತ್ತಿ ಸೀಟಿನಡಿ ಇರಿಸಿ, ಬರಿಗಾಲಿನಲ್ಲಿ ಕೂರುತ್ತಿದ್ದ. ಬೇಸಿಗೆಯಲ್ಲೂ ಮೈ ಬಿಡದ ಕಾಫಿಪುಡಿ ಬಣ್ಣದ ತೋಳಿಲ್ಲದ ಸ್ವೆಟರೊಂದು ಅವನಿಗಿತ್ತು. ಯಂತ್ರದ ವಿಷಯ ಬಂದರೆ ಅವನ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: “ಹೇಳಿದ್ದಷ್ಟೇ ಮಾಡುತ್ತೆ ಅದು. ಹೇಳ್ದೇ ಇರೋದನ್ನ ನಾವೇ ನೋಡ್ಕೋಬೇಕು.”

ಹೋದ ವರ್ಷ ಆ ಮನೆಗೆ ಹೊಸ ಕಾರು ಬಂತು. ಗೇರಿನ ರಗಳೆಯಿಲ್ಲ, ಕ್ಲಚ್ಚೇ ಇಲ್ಲ. ಮೇಲೆ, ಕಾಲೊತ್ತದೆಯೇ ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲು, ನಾಲ್ಕೂ ಬಾಗಿಲಿನಲ್ಲಿ ಸ್ಪೀಕರು. ತರೀಕೆರೆಯ ಅಂಗಡಿ ನೋಡಿಕೊಳ್ಳುವ ಮಗ ಮೃತ್ಯುಂಜಯ, “ಇದೊತ್ತಿದ್ರೆ ಕ್ರೂಸು, ಇದೊತ್ತಿದ್ರೆ ಹಾಡು, ಅಷ್ಟೇ” ಎಂದು ಎರಡು ನಿಮಿಷದಲ್ಲಿ ಪಾಠ ಮುಗಿಸಿ ಹೋದ. ಈರಭದ್ರಪ್ಪನಿಗೆ ಅದು ಸಾಲಲಿಲ್ಲ. ಪ್ಲಾಸ್ಟಿಕ್ ಹೊದಿಕೆಯೂ ಹರಿಯದೆ ಕಾರಿನ ಖಾನೆಯಲ್ಲಿ ಮಲಗಿದ್ದ, ಅದನ್ನು ಬಳಸುವ ಬಗೆ ಹೇಳುವ ಇಂಗ್ಲಿಷ್ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ನಿವೃತ್ತ ಮೇಷ್ಟ್ರು ಹನುಮಂತಯ್ಯನವರ ಮನೆಗೆ ಮೂರು ಭಾನುವಾರ ಹೋದ. ಮೇಷ್ಟ್ರಿಗೆ ಕಾರು ಬಾರದು, ಇವನಿಗೆ ಇಂಗ್ಲಿಷ್ ಬಾರದು. ಇಬ್ಬರೂ ಜಗಲಿಯ ಮೇಲೆ ಕೂತು ವಾದ ಮಾಡಿ, ಜಗಳವಾಡಿ, ಕೊನೆಗೆ ಕಾರು ಮಾರಿದವನಿಗೂ ತಿಳಿದಿರಲಾರದಷ್ಟನ್ನು ತಿಳಿದುಕೊಂಡರು.

ಆ ವಿದ್ಯೆಯನ್ನು ಅವನು ಬಚ್ಚಿಡಲಿಲ್ಲ. ಮೊಣಕಾಲಿನ ನೋವಿನಿಂದ ಹತ್ತು ವರ್ಷ ಸ್ಟೇರಿಂಗ್ ಮುಟ್ಟದಿದ್ದ ತೀರ್ಥಪ್ಪನವರಿಗೆ, ಕಾಲಿಗೆ ಕೆಲಸವೇ ಇಲ್ಲದ ಈ ಕಾರನ್ನು ಕಂಡು ಮತ್ತೆ ಆಸೆ ಹುಟ್ಟಿತು. ದಿನಾ ಬೆಳಗ್ಗೆ ಬೀರೂರು ದಾಟಿದ ಮೇಲೆ, ದೊಡ್ಡ ರಸ್ತೆಯಲ್ಲಿ ಪಾಠ. ಎಂಬತ್ತಕ್ಕೆ ಬಂದ ಮೇಲೆ ಒತ್ತಬೇಕು. ಬ್ರೇಕು ಮುಟ್ಟಿದರೆ ಬಿಟ್ಟುಹೋಗುತ್ತದೆ. ಮತ್ತೆ ಒತ್ತಿದರೆ ಮುಂದೆ ಎತ್ತಿನಗಾಡಿಯಿದೆಯೋ ಮಗುವಿದೆಯೋ ನೋಡದೆ ಅದೇ ಎಂಬತ್ತಕ್ಕೆ ನುಗ್ಗುತ್ತದೆ. “ಕಾಲಿಗೆ ಬಿಡುವು ಸಿಕ್ತು ಅಂತ ಮಡಚಿಟ್ಕೋಬೇಡಿ ಯಜಮಾನ್ರೇ, ಬ್ರೇಕಿನ ಮೇಲೇ ಇರ್ಬೇಕು ಅದು” ಎಂದು ತನ್ನ ಬರಿಗಾಲನ್ನು ತೋರಿಸಿ ಹೇಳುತ್ತಿದ್ದ. ಹಾಡಿನ ವಿಷಯದಲ್ಲೂ ಅವನು ಕಟ್ಟುನಿಟ್ಟು. ಹಿಂದಿನ ಲಾರಿಯ ಹಾರನ್ ಕೇಳಿಸದಷ್ಟು ಜೋರು ಕೂಡದು.

ಎಲ್ಲಕ್ಕಿಂತ ಅವನನ್ನು ಕಾಡಿದ್ದು ಫೋನು. ಕರೆ ಬಂದರೆ ನಾಲ್ಕೂ ಬಾಗಿಲಿನಲ್ಲಿ ಗುಡುಗುತ್ತಿತ್ತು. ಅಣ್ಣತಮ್ಮಂದಿರ ಖಾತೆಯ ಜಗಳ, ಸೊಸೆಯ ಮುನಿಸು, ಎಲ್ಲವೂ ಒಮ್ಮೆಗೇ ಅವನ ಮಡಿಲಿಗೆ ಬಂದು ಬಿದ್ದಂತಾಗಿ ಮೈ ಹಿಡಿಯಾಗುತ್ತಿತ್ತು. ಕರೆಯನ್ನು ಸ್ಪೀಕರಿನಿಂದ ಕೈಯ ಫೋನಿಗೆ ದಾಟಿಸುವ ಗುರುತೊಂದು ಸ್ಟೇರಿಂಗ್ ಪಕ್ಕದ ಪರದೆಯ ಮೇಲಿರುವುದನ್ನು ಪುಸ್ತಕದಿಂದ ಕಂಡುಕೊಂಡಿದ್ದ. ಗಂಟೆ ಕೇಳಿದೊಡನೆ ಅದನ್ನು ಒತ್ತಿ, “ಕೈಗೆ ತಗೊಳ್ಳಿ ಯಜಮಾನ್ರೇ” ಎನ್ನುತ್ತಿದ್ದ. ತೀರ್ಥಪ್ಪನವರಿಗೋ ಸ್ಪೀಕರೇ ಹಿತ. “ಇರ್ಲಿ ಬಿಡೋ, ಚೆನ್ನಾಗಿ ಕೇಳುತ್ತೆ. ನೀನೇನು ಹೊರಗಿನವನೇನೋ?” ಎಂದು ನಗುತ್ತಿದ್ದರು.

ಆಷಾಢದ ಒಂದು ಬೆಳಗ್ಗೆ ತರೀಕೆರೆಯ ದಾರಿಯಲ್ಲಿ ಸ್ಟೇರಿಂಗ್ ಇವನ ಕೈಯಲ್ಲಿತ್ತು, ಕ್ರೂಸು ಎಂಬತ್ತರಲ್ಲಿತ್ತು, ಯಜಮಾನರು ಪಕ್ಕದಲ್ಲಿದ್ದರು. ಫೋನು ಬಂದ ಹೊತ್ತಿಗೇ ಟ್ರ್ಯಾಕ್ಟರೊಂದು ಎದುರು ದಿಕ್ಕಿನಿಂದ ಅಡ್ಡಹಾಯ್ದು ಇವನ ಎರಡೂ ಕೈ ಸ್ಟೇರಿಂಗಿಗೇ ಬೇಕಾದವು. ಅಷ್ಟರಲ್ಲಿ ಯಜಮಾನರೇ ಕರೆ ತೆಗೆದುಕೊಂಡರು, ಮಗನ ಧ್ವನಿ ಕಾರು ತುಂಬಿತು.

“ಆ ಈರಭದ್ರನ್ನ ಇನ್ನೂ ಎಷ್ಟ್ ದಿನ ಇಟ್ಕೊಂಡಿರ್ತೀರ ಅಪ್ಪಾಜಿ? ಕಾರೇ ತಾನಾಗಿ ಓಡುತ್ತಲ್ಲ.”

“ತಡಿಯೋ, ಈ ಕ್ರೂಸೊಂದು ಸರಿಯಾಗಿ ಕೈಗೆ ಬಂದ್ಬಿಡ್ಲಿ. ಪೂರಾ ಕಲ್ತ್ಕೊಂಡ್ಮೇಲೆ ಬಿಡಿಸ್ಬಿಡೋಣ.”

ತೀರ್ಥಪ್ಪನವರು ಮೈಮರೆತು ಆಡಿದ ಮಾತಲ್ಲ ಅದು. ಪಕ್ಕದಲ್ಲೊಬ್ಬ ಮನುಷ್ಯ ಕೂತಿದ್ದಾನೆ, ಅವನಿಗೂ ಕಿವಿಯಿದೆ ಎಂಬ ಸಂಗತಿ ಇಪ್ಪತ್ತೆರಡು ವರ್ಷಗಳಲ್ಲಿ ಅವರ ಮನಸ್ಸಿನಿಂದ ಸವೆದೇ ಹೋಗಿತ್ತು. ಟ್ರ್ಯಾಕ್ಟರು ದಾಟಿತು. ಈರಭದ್ರಪ್ಪ ಕೈ ಚಾಚಿ ಪರದೆಯ ಗುರುತನ್ನು ಒತ್ತಿ, “ಕೈಗೆ ತಗೊಳ್ಳಿ ಯಜಮಾನ್ರೇ” ಎಂದ. ತನ್ನನ್ನು ಬಿಡಿಸುವ ಮಾತಿನ ಮಿಕ್ಕ ಭಾಗವನ್ನೂ ಅವನು ಕೇಳಿಸಿಕೊಳ್ಳಲಿಲ್ಲ.

ಅಂದೇ ಬಿಟ್ಟುಹೋಗಬಹುದಾಗಿತ್ತು. ಹೋಗಲಿಲ್ಲ. ಪಾಠವನ್ನು ಅರ್ಧಕ್ಕೆ ನಿಲ್ಲಿಸಬಹುದಿತ್ತು, ಅದನ್ನೂ ಮಾಡಲಿಲ್ಲ. ಮೊದಲಿಗಿಂತ ಹೆಚ್ಚು ಹಟದಿಂದ, ತಪ್ಪಿದಲ್ಲಿ ಗದರಿಸಿ, ಇಪ್ಪತ್ತು ದಿನ ಕಲಿಸಿದ. ಇದನ್ನು ಸ್ವಾಮಿನಿಷ್ಠೆಯೆಂದು ಹೊಗಳುವವರಿದ್ದಾರೆ. ಆ ಹೊಗಳಿಕೆ ಕೇಳಿದರೆ ಮೈಯುರಿಯುತ್ತದೆ. ಅವನಲ್ಲಿ ಇದ್ದದ್ದು ನಿಷ್ಠೆಯಲ್ಲ, ಸಿಟ್ಟು. ಈರಭದ್ರ ಅರೆಬರೆ ಕಲಿಸಿ ಹೋದ ಎಂದು ನಾಳೆ ಯಾರೂ ಬೆರಳು ತೋರಿಸಕೂಡದೆಂಬ ಉರಿ.

ಶ್ರಾವಣ ಬಂದ ಮೇಲೆ ಲಿಂಗದಹಳ್ಳಿಯ ನೆಂಟರ ಗೃಹಪ್ರವೇಶಕ್ಕೆ ಹೊರಟ ದಿನ ತೀರ್ಥಪ್ಪನವರೇ ಓಡಿಸುತ್ತಿದ್ದರು. ಹಿಂದೆ ಅವರ ಪತ್ನಿ ವಿಶಾಲಾಕ್ಷಮ್ಮ ಒಬ್ಬರೇ ಇದ್ದರು. ತರೀಕೆರೆ ದಾಟಿ ತಿರುವುಗಳು ಶುರುವಾದವು, ಸೋನೆ ಹಿಡಿಯಿತು. ಕ್ರೂಸು ಹಾಗೇ ಇತ್ತು, ಹಾಡು ಕಿವಿಗಡಚಿಕ್ಕುತ್ತಿತ್ತು. ಎರಡು ಸಲ ಹೇಳಿ, ಮೂರನೆಯ ಸಲ ಈರಭದ್ರಪ್ಪ ತಾನೇ ಹಾಡನ್ನು ನಿಲ್ಲಿಸಿದ.

“ಬ್ರೇಕು ಮುಟ್ಟಿ. ಹಾಂ, ಬಿಡ್ತು. ಮಳೇಲಿ ಕ್ರೂಸು ಹಾಕ್ಬಾರ್ದು, ತಿರುವಲ್ಲಿ ಹಾಕ್ಬಾರ್ದು. ಹೇಳ್ಕೊಡೋದು ಇಷ್ಟೇ ಉಳಿದಿತ್ತು. ನಾಳೆಯಿಂದ ನಾನ್ ಬರಲ್ಲ ಯಜಮಾನ್ರೇ.”

“ಯಾಕೋ? ಬರ್ಬೇಡ ಅಂತ ಯಾರ್ ಹೇಳಿದ್ರು ನಿಂಗೆ?”

“ನೀವೇ. ನಾಲ್ಕೂ ಬಾಗಿಲಲ್ಲಿ ಕೇಳಿಸ್ತು.”

ವಿಶಾಲಾಕ್ಷಮ್ಮ ಕಿಟಕಿಯ ಆಚೆ ನೋಡಿದರು. ಆಮೇಲೆ ತೀರ್ಥಪ್ಪನವರ ಬಾಯಿಂದ ಬಂದದ್ದು ಕ್ಷಮೆಯಲ್ಲ.

“ಕೇಳಿಸ್ಕೊಂಡು ಇಷ್ಟು ದಿನ ಸುಮ್ನಿದ್ಯೇನೋ? ಹಂಗಾದ್ರೆ ಇನ್ನೂ ಏನೇನು ಕೇಳಿಸ್ಕೊಂಡಿದೀಯ ನಮ್ಮನೇದು?”

ತಿಂಗಳೊಳಗೆ ಊರಿಗೆ ತಲುಪಿದ್ದು ಈ ಕೊನೆಯ ಪ್ರಶ್ನೆ ಮಾತ್ರ. ಈರಭದ್ರ ಮನೆಯ ಮಾತು ಕದ್ದು ಕೇಳುತ್ತಾನಂತೆ. ಡ್ರೈವರ್ ಬೇಕೆಂದು ಹುಡುಕುತ್ತಿದ್ದ ಷಣ್ಮುಖಪ್ಪನವರು ಅವನ ಹೆಸರೆತ್ತಿದೊಡನೆ ಬೇಡವೆಂದು ತಲೆಯಾಡಿಸಿದರು. ಅವನ ಮೌನವನ್ನು ಕೊಂಡಾಡಿದ್ದ ನಾವು, ಅಲ್ಲೇ ನಿಂತಿದ್ದ ನಾಲ್ಕೈದು ಜನ, ತುಟಿ ಬಿಚ್ಚಲಿಲ್ಲ. ಅವನು ದುಡಿದು ಕಟ್ಟಿಕೊಂಡಿದ್ದು ಆ ಹೆಸರೊಂದನ್ನೇ. ಅದನ್ನು ಕೆಡಿಸಲು ಅವನದೇ ಒಂದು ಸತ್ಯವಾದ ಮಾತು ಸಾಕಾಯಿತು. ಈಗ ಅಜ್ಜಂಪುರದಿಂದ ಈರುಳ್ಳಿ ಹೊರುವ ಗೂಡ್ಸ್ ಗಾಡಿಯನ್ನು ಓಡಿಸುತ್ತಾನೆ. ಹಿಂದೆ ಬರೀ ಮೂಟೆ.

ನಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ, ಕಾರುಗಳಲ್ಲಿ ಇಂಥವರು ಎಷ್ಟೋ ಜನ ಇರುತ್ತಾರೆ. ದಿನದಿನವೂ ಬಾಯಿ ಬಿಗಿಹಿಡಿದು ಅವರು ನಮ್ಮ ಮಾನ ಕಾಯುತ್ತಿರುತ್ತಾರೆ; ನಾವು ಅದನ್ನು ಅವರ ಸ್ವಭಾವವೆಂದುಕೊಂಡು, ಗೋಡೆಯ ಎದುರು ಆಡುವ ಹಾಗೆ ಅವರೆದುರು ಆಡಿಕೊಂಡಿರುತ್ತೇವೆ. ಎಂದೋ ಒಂದು ದಿನ, ತಮ್ಮ ಪಾಲಿನ ನೋವಿಗಾಗಿ ಒಂದೇ ಒಂದು ಸಲ ಅವರು ಬಾಯಿ ತೆರೆದರೆ, ಮೋಸ ಹೋದವರು ನಾವೇ ಎಂದು ಪ್ರಾಮಾಣಿಕವಾಗಿ ನಂಬುತ್ತೇವೆ.